ನಿಮಗಿದು ಗೊತ್ತೆ? ಬೋಟಿನ ಎಂಜಿನ್ನಿಗೆ ಭೀಮೆಯ ನೀರೇ ತಂಪು

ಭೀಮಾ ನದಿ 2020ರ ಅಕ್ಟೋಬರ್‌ನಲ್ಲಿ ಉಕ್ಕಿದಾಗ ಅಫಜಲಪುರ, ಜೇವರ್ಗಿ ಭಾಗಕ್ಕೆ ರಾಷ್ಟ್ರೀಯ ವಿಪತ್ತು ಸ್ಪಂದನಾ ಪಡೆಯ (ಎನ್‌ಡಿಆರ್‌ಎಫ್‌) ಬೋಟುಗಳು ಬಂದವು. ಇಂಥ ಬೋಟಿನ ಹಿಂಬದಿಗೆ ಕೂರಿಸುವ ಔಟ್‌ಬೋರ್ಡ್‌ ಎಂಜಿನ್ನಿಗೆ ಸಾಮಾನ್ಯವಾಗಿ ರೇಡಿಯೇಟರ್‌ ಇರುವುದಿಲ್ಲ. ರಬ್ಬರ್‌ ರೆಕ್ಕೆಯ ಪಂಪು ಹೊಳೆ ನೀರನ್ನೇ ಹೀರಿ, ಎಂಜಿನ್ನಿನೊಳಗೆ ಹರಿಸಿ, ಹೊರಚೆಲ್ಲುತ್ತದೆ. ಹೊರಗೆ ಚಿಮ್ಮುವ ಸಣ್ಣ ಧಾರೆ ನಿಂತಿತೋ, ಎಂಜಿನ್‌ ಕೂಡಲೇ ಆರಿಸಬೇಕು: ಕಸ, ಜೊಂಡು, ಪ್ಲಾಸ್ಟಿಕ್‌ ಏನಾದರೂ ಸಿಕ್ಕಿಕೊಂಡಿರಬಹುದು. ನೆರೆನೀರಿನ ಮರಳು ಪಂಪಿನ ರೆಕ್ಕೆಯನ್ನೂ ಸವೆಸುತ್ತದೆ.

ಅಮೆರಿಕದಲ್ಲಿ ನೀರಿನ ಮೇಲೆ ಜಾರುವ ಅನ್‌ಲಿಮಿಟೆಡ್‌ ವರ್ಗದ ಹೈಡ್ರೋಪ್ಲೇನ್‌ ರೇಸ್‌ ದೋಣಿಗಳಿಗೆ ಈ ಗೊಡವೆ ಕಡಿಮೆ. ಅವುಗಳ ಪೈಕಿ ಬಹುತೇಕ ದೋಣಿಗಳಲ್ಲಿರುವುದು ಚಿನೂಕ್‌ ಹೆಲಿಕಾಪ್ಟರಿನ ಟಿ-55 ಟರ್ಬೈನ್‌. ಅದು ತಾನೇ ಒಳಗೆಳೆದ ಗಾಳಿಯಿಂದ ಬಹುಪಾಲು ತಂಪಾಗುತ್ತದೆ. ಆದರೆ ಗಾಳಿಯ ಬಾಯಿಗೆ ನೀರು ನುಗ್ಗಿದರೆ ಎಂಜಿನ್‌ ಕೆಟ್ಟಂತೆಯೇ! ಭೀಮೆಯ ನೆರೆಗೆ ಔಟ್‌ಬೋರ್ಡೇ ಸರಿ.