ಅರ್ಧ ಕಾಳಿನ ಅಂಚು

ನಮ್ಮ ಮುಂಡರಗಿಯ ಮನೆಯ ಅಟ್ಟದ ಮೇಲೆ ಅಜ್ಜನ ಮೆಟ್ಟು ಇನ್ನೂ ಇವೆ. ಎಮ್ಮೆ ತೊಗಲಿನವು. ಎಣ್ಣೆ ಕುಡಿದು ಕುಡಿದು ಕಪ್ಪಾಗಿವೆ. ಪಾದ ಊರುವ ಜಾಗ ಸವೆದು ಕನ್ನಡಿಯಂತೆ ನುಣ್ಣಗಾಗಿದೆ. ಆದರೆ ಅಂಚಿನುದ್ದಕ್ಕೂ ಒತ್ತಿದ ಜೋಳದ ಕಾಳಿನಂಥ ಗುರುತುಗಳ ಸಾಲು ಇವತ್ತಿಗೂ ಬೆರಳಿಗೆ ಸಿಗುತ್ತದೆ. ಬಲಗಾಲಿನ ಮೆಟ್ಟಿನ ಹಿಮ್ಮಡಿಯ ಒಳಮಗ್ಗುಲಲ್ಲಿ ಮಾತ್ರ ಒಂದು ಕಾಳು ಅರ್ಧಕ್ಕೇ ನಿಂತಿದೆ. ಚಿಕ್ಕವನಿದ್ದಾಗ ಅದು ಮಾಡಿದವರ ಕೈತಪ್ಪು ಎಂದೇ ತಿಳಿದಿದ್ದೆ.

ಆ ಅರ್ಧ ಕಾಳಿನ ಅರ್ಥ ನನಗೆ ಗೊತ್ತಾದದ್ದು ಲಕ್ಷ್ಮೇಶ್ವರದಲ್ಲಿ, ಕೈಯಿಂದಲೇ ಮೆಟ್ಟು ಮಾಡುವ ಹಿರಿಯರೊಬ್ಬರ ಮುಂದೆ ಒಂದು ಮಧ್ಯಾಹ್ನ ಕುಳಿತಾಗ. ಈಗ ಅವರ ಬಳಿ ಬರುವುದು ಬಹುಪಾಲು ಕಿತ್ತುಹೋದ ಉಂಗುಷ್ಠ, ಬಿಚ್ಚಿದ ಹೊಲಿಗೆ. ಹೊಸ ಜೋಡು ಮಾಡಿಸುವವರು ವರ್ಷದಲ್ಲಿ ಕೆಲವರು, ಅವರೂ ಹೆಚ್ಚಾಗಿ ವಯಸ್ಸಾದ ರೈತರು. ಅಂದು ಅಂಥದೊಂದು ಜೋಡು ಅವರ ಕೈಯಲ್ಲಿತ್ತು. ಕತ್ತರಿಸಿದ ಅಟ್ಟೆಯನ್ನು ನೀರಲ್ಲಿ ಅದ್ದಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದರು. ಬಿಚ್ಚಿ ನನ್ನ ಕೈಗೆ ಕೊಟ್ಟರು. "ಕೆನ್ನಿಗೆ ಹಚ್ಚಿ ನೋಡ ತಮ್ಮಾ. ತಂಪ ಹತ್ತಬೇಕು, ಹಸಿ ಹತ್ತಬಾರದು."

ಅಚ್ಚು ಒತ್ತುವ ವಿದ್ಯೆಯ ಅರ್ಧ ಇಷ್ಟರಲ್ಲೇ ಇದೆ. ತೊಗಲು ತೀರಾ ಒದ್ದೆಯಿದ್ದರೆ ಗುರುತು ಕೆಸರಿನಲ್ಲಿ ಇಟ್ಟ ಹೆಜ್ಜೆಯಂತೆ ಕದಡಿಹೋಗುತ್ತದೆ. ಒಣಗಿದ್ದರೆ ಅಚ್ಚು ಮೇಲೆ ಮೇಲೆ ಮೂಡುತ್ತದೆ. ಜೋರಾಗಿ ಹೊಡೆದರೆ ಮೇಲ್ಪದರ ಬಿರಿಯುತ್ತದೆ. ನೀರು ಒಳಗಿಳಿದು, ಮೇಲಿನ ಬಣ್ಣ ಮತ್ತೆ ತಿಳಿಯಾಗತೊಡಗಿ, ಮುಟ್ಟಿದರೆ ತಣ್ಣಗಿರುವ ಗಳಿಗೆಯೊಂದು ಬರುತ್ತದೆ. ಬೇಸಿಗೆಯ ಗಾಳಿಗೆ ಅದು ಬೇಗ ಜಾರಿಹೋಗುತ್ತದೆ. ಅಷ್ಟರೊಳಗೆ ಕೆಲಸ ಮುಗಿಯಬೇಕು.

ಮೊದಲು ಕೈವಾರದ ಒಂದು ಕಾಲನ್ನು ಅಟ್ಟೆಯ ಅಂಚಿಗೆ ಆನಿಸಿ, ಇನ್ನೊಂದು ಕಾಲಿನಿಂದ ಒಳಗಡೆ ಒಂದು ಗೆರೆ ಎಳೆದರು. ಅಟ್ಟೆ ಎಲ್ಲಿ ಬಾಗಿದರೆ ಗೆರೆಯೂ ಅಲ್ಲಿ ಬಾಗಿತು, ನಡುವಣ ಅಂತರ ಕೂದಲೆಳೆಯಷ್ಟೂ ತಪ್ಪಲಿಲ್ಲ. ಆಮೇಲೆ ಕಲ್ಲಿನ ಮೇಲೆ ಅಟ್ಟೆ, ಎಡಗೈಯಲ್ಲಿ ಅಚ್ಚು, ಬಲಗೈಯಲ್ಲಿ ಕೊಡತಿ. ಅಚ್ಚು ಅಂದರೆ ಪೇಟೆಯಿಂದ ಕೊಂಡದ್ದಲ್ಲ, ಹಳೆಯ ಬೋಲ್ಟೊಂದರ ತುದಿಯನ್ನು ಅರದಿಂದ ಉಜ್ಜಿ ಉಜ್ಜಿ ಕಾಳಿನ ಆಕಾರಕ್ಕೆ ತಂದದ್ದು. ಒಂದು ಕಾಳಿಗೆ ಒಂದೇ ಪೆಟ್ಟು. ಎರಡನೇ ಪೆಟ್ಟು ಹಾಕಿದರೆ ಅಚ್ಚು ಎಳ್ಳಷ್ಟು ಸರಿದು ಜೋಡಿನೆರಳು ಬೀಳುತ್ತದೆ. ಹೆಬ್ಬೆರಳಿನ ಕಡೆಯಿಂದ ಶುರುಮಾಡಿ ಒಂದು ಸಾಲು ಎಡಕ್ಕೆ, ಒಂದು ಬಲಕ್ಕೆ. ಎರಡೂ ಹಿಮ್ಮಡಿಯ ಕಡೆಗೆ ನಡೆದುಬರುತ್ತವೆ. ಕೊನೆಯ ನಾಲ್ಕು ಬೆರಳು ಉಳಿದಾಗ ಕೊಡತಿ ಕೆಳಗಿಟ್ಟು, ಒತ್ತದೆ ಬರೀ ಅಚ್ಚನ್ನು ಇಟ್ಟು ಇಟ್ಟು ಎಣಿಸಿದರು. ಜಾಗ ಎಷ್ಟಿದೆ, ಕಾಳು ಎಷ್ಟು ಹಿಡಿಯುತ್ತವೆ? ಮಿಕ್ಕ ಅಂತರವನ್ನು ಇನ್ನೂ ಒತ್ತಬೇಕಾದ ಕಾಳುಗಳ ನಡುವೆ ಗೊತ್ತಾಗದಂತೆ ಹಂಚುವುದು ಒಂದು ದಾರಿ. ಅದೂ ಸಾಲದಿದ್ದರೆ ಅಚ್ಚನ್ನು ಓರೆ ಹಿಡಿದು ಅರ್ಧ ಕಾಳು ಒತ್ತಬೇಕು. ಹಾಗೆ ಒತ್ತುವುದೂ ಹಿಮ್ಮಡಿಯ ಒಳಮಗ್ಗುಲಲ್ಲೇ, ನಡೆಯುವಾಗ ಯಾರ ಕಣ್ಣಿಗೂ ಬೀಳದ ಕಡೆ.

ಹೀಗೆ ಬಿದ್ದ ಗುರುತು ಅಳಿಯದಿರಲು ಕಾರಣ ಕೊಡತಿಯ ಬಲ ಅಲ್ಲ, ತೊಗಲು ಹದಗೊಂಡ ಬಗೆ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ಕೆರೆದು, ಜಾಲಿಯ ತೊಗಟೆ, ಅಳಲೆಕಾಯಿಗಳ ರಸದಲ್ಲಿ ವಾರಗಟ್ಟಲೆ ಇಡುತ್ತಿದ್ದರು. ಬೆಳಗಾವಿ, ಕೊಲ್ಹಾಪುರದ ಕಡೆ ತೊಗಲನ್ನೇ ಚೀಲದಂತೆ ಹೊಲಿದು, ಒಳಗೆ ತೊಗಟೆ, ನೀರು ತುಂಬಿ ತೂಗುಹಾಕುವ ಪದ್ಧತಿಯೂ ಇದೆ. ಎಳೆ ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿಯುವ ಒಗರು ಇದೆಯಲ್ಲ, ಆ ಒಗರೇ ಇಲ್ಲಿ ಕೆಲಸ ಮಾಡುವುದು. ಅದು ನಾರುನಾರಿನ ನಡುವೆ ತುಂಬಿಕೊಂಡು ತೊಗಲನ್ನು ಗಟ್ಟಿ ಮಾಡುತ್ತದೆ. ಇಂಥ ತೊಗಲು ನೀರು ಕುಡಿದರೆ ಮೆತ್ತಗಾಗುತ್ತದೆ, ಒತ್ತಿದರೆ ನಾರುಗಳು ಒತ್ತಿದಂತೆಯೇ ಕೂರುತ್ತವೆ, ಒಣಗಿದಾಗ ಅಲ್ಲೇ ನಿಲ್ಲುತ್ತವೆ. ಕ್ರೋಮಿಯಂ ಲವಣದಿಂದ ಹದ ಮಾಡುವ ವಿಧಾನಕ್ಕೆ 1884ರಲ್ಲಿ ಅಮೆರಿಕದಲ್ಲಿ ಅಗಸ್ಟಸ್ ಶುಲ್ಟ್ಸ್ ಪೇಟೆಂಟ್ ಪಡೆದ. ವಾರಗಳ ಕೆಲಸ ದಿನಗಳಿಗೆ ಇಳಿಯಿತು, ಜಗತ್ತಿನ ಹೆಚ್ಚಿನ ಚರ್ಮ ಆ ದಾರಿ ಹಿಡಿಯಿತು. ಬೂಟು, ಬ್ಯಾಗಿಗೆ ಅದು ಒಳ್ಳೆಯದೇ, ಮೃದು. ಆದರೆ ಅದರ ಮೇಲೆ ಕೈಯಚ್ಚು ಒತ್ತಿದರೆ ಸ್ಪಂಜಿನಂತೆ ಮೇಲೆದ್ದುಬಿಡುತ್ತದೆ. ತೊಗಟೆಯ ಹದ ಹೋದಲ್ಲಿ ಅಂಚಿನ ಅಚ್ಚೂ ಹೋಗುತ್ತದೆ.

ನಮ್ಮ ಸೀಮೆಗೆ ಇದಕ್ಕೆ ಬೇಕಾದದ್ದೆಲ್ಲ ಕೈಗೆಟುಕುವಂತಿತ್ತು. ಎರೆ ಹೊಲದ ಬದುವಿನ ಮೇಲೆ ಕರಿಜಾಲಿ. ಗದಗ, ಮುಂಡರಗಿ, ಶಿರಹಟ್ಟಿ ಮೂರಕ್ಕೂ ಚಾಚಿಕೊಂಡ ಕಪ್ಪತಗುಡ್ಡದ ತಪ್ಪಲಲ್ಲಿ ಹಳದಿ ಹೂವಿನ ತಂಗಡಿ. ತಂಗಡಿಯ ತೊಗಟೆಯಿಂದ ದಕ್ಷಿಣ ಭಾರತದ ತುಂಬ ತೊಗಲು ಹದ ಮಾಡುತ್ತಿದ್ದರು, ಮುಂದೆ ಆಫ್ರಿಕಾದಿಂದ ಬಂದ ವಾಟಲ್ ತೊಗಟೆ ಅದರ ಜಾಗ ಹಿಡಿಯಿತು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾದಾಗ ಅಲ್ಲಿನ ಔಷಧಿ ಗಿಡಗಳ ಬಗ್ಗೆ ಎಲ್ಲರೂ ಬರೆದರು. ತೊಗಲನ್ನು ಹದಕ್ಕೆ ತರುವ ಗಿಡಗಳನ್ನು ಯಾರಾದರೂ ನೆನೆಯಬೇಕಿತ್ತು ಎಂದು ನನಗನಿಸುತ್ತದೆ.

ನೆನೆಯದಿರುವುದಕ್ಕೆ ಕಾರಣ ಹಳೆಯದು. ಮೆಟ್ಟು, ಮಿಣಿ, ಬಾರುಕೋಲು, ಬಾವಿಯಿಂದ ನೀರೆತ್ತುವ ಕಪಿಲೆಯ ಚೀಲ ಎಲ್ಲವನ್ನೂ ಮಾಡಿಕೊಟ್ಟವರಿಗೆ ಸುಗ್ಗಿಯಲ್ಲಿ ಆಯದ ಕಾಳು ಅಳೆದು ಕೊಟ್ಟೆವು. ಅಂಚು ಒತ್ತಿದವರನ್ನು ಮಾತ್ರ ಊರ ಅಂಚಿಗೆ ಒತ್ತಿದೆವು. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯ ಶರಣನಾದ. ಮಾದಾರ ಧೂಳಯ್ಯ ಕಾಮಧೂಮ ಧೂಳೇಶ್ವರ ಎಂಬ ಅಂಕಿತದಲ್ಲಿ ತನ್ನ ಕಾಯಕದ ಮಾತನ್ನೇ ವಚನಕ್ಕೆ ತಂದ. ಹರಳಯ್ಯ, ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಕಣ್ಣೀರು ಹಾಕಿಕೊಂಡು ಕೇಳುವ ನಾವು, ಮೆಟ್ಟು ಹೊಲಿಯುವವರ ಮನೆಯ ನೀರು ಕುಡಿಯಲು ಎಂಟು ಶತಮಾನ ಹಿಂದೆಮುಂದೆ ನೋಡಿದೆವು. ಆ ಮನೆಯ ಮಕ್ಕಳು ಕಸುಬು ಬಿಟ್ಟು ಬೇರೆ ದಾರಿ ಹಿಡಿದರೆ ಅವರನ್ನು ತಪ್ಪು ಎನ್ನುವ ಹಕ್ಕು ನನ್ನಂಥವನಿಗೆ ಇಲ್ಲ.

ಅಂಚಿನ ಮೇಲಿನ ಮೋಹ ಈ ಸೀಮೆಯಲ್ಲಿ ಎಲ್ಲ ಕೈಗಳಲ್ಲೂ ಇದೆ. ಬೆಟಗೇರಿಯ ಮಗ್ಗದ ಮುಂದೆ ನಿಂತರೆ ಸೀರೆಯ ಒಡಲಿಗಿಂತ ದಡಿಯ ಮಾತೇ ಹೆಚ್ಚು. ಗಜೇಂದ್ರಗಡದ ಸೀರೆಯ ಹೆಸರೇ ಪಟ್ಟೆದಂಚು. ಲಕ್ಕುಂಡಿಯ ಕಾಶಿವಿಶ್ವೇಶ್ವರ ಗುಡಿಯ ಬಾಗಿಲುವಾಡದಲ್ಲಿ ಒಂದರ ಪಕ್ಕ ಒಂದು ಪಟ್ಟಿ, ಒಂದರ ಕೆತ್ತನೆ ಇನ್ನೊಂದಕ್ಕಿಲ್ಲ. ಅಲ್ಲಿಯ ಬಳಪದ ಕಲ್ಲೂ ಗಣಿಯಿಂದ ತೆಗೆದ ಹೊಸತರಲ್ಲಿ ಮೆತ್ತಗಿದ್ದು, ಗಾಳಿಗೆ ಒಡ್ಡಿಕೊಂಡ ಮೇಲೆ ಗಟ್ಟಿಯಾಗುವಂಥದು. ಹದ ನೋಡಿ ಕೈಯಿಡುವ ಜಾಣತನ ಕಲ್ಲಿಗೂ ಒಂದೇ, ತೊಗಲಿಗೂ ಒಂದೇ.

ಇನ್ನೊಂದು ಅಂಚು ನೋಡಬೇಕಾದರೆ ತೊಗಲುಗೊಂಬೆಯ ಬಳಿ ಹೋಗಬೇಕು. ನಮ್ಮ ಪಕ್ಕದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ವಯಸ್ಸಿನಲ್ಲಿ. ಗೊಂಬೆಗೆ ಬಳಸುವುದು ತೊಗಟೆಯ ಹದ ಕಾಣದ ತೊಗಲು. ಆಡಿನ ತೊಗಲನ್ನು ನೆನೆಸಿ, ಕೂದಲು ಕೆರೆದು, ಬಿಗಿದು ಒಣಗಿಸಿದರೆ ಬೆಳಕು ಆಚೆ ಈಚೆ ಹಾಯುವಷ್ಟು ತೆಳುವಾಗುತ್ತದೆ. ಅದರ ಮೇಲೆ ಬಣ್ಣ. ಆಮೇಲೆ ಸಣ್ಣ ಉಳಿಗಳಿಂದ ಸೀತೆಯ ಸೆರಗಿನಂಚು, ರಾವಣನ ಕಿರೀಟದ ಅಂಚು ತೂತು ತೂತಾಗಿ ಮೂಡುತ್ತವೆ. ಮೆಟ್ಟಿನ ಅಂಚು ನೆರಳು ಹಿಡಿದಿಟ್ಟುಕೊಂಡು ಕಾಣಿಸಿದರೆ, ಗೊಂಬೆಯ ಅಂಚು ಬೆಳಕು ಬಿಟ್ಟುಕೊಟ್ಟು ಕಾಣಿಸುತ್ತದೆ. ಹಿಂದಿನಿಂದ ದೀಪ ಹಿಡಿದಾಗ ಪರದೆಯ ಮೇಲೆ ಆ ತೂತುಗಳೇ ಮುತ್ತಿನ ಸರ. ನಾನು ಕಂಡ ಕಸೂತಿಯಲ್ಲೆಲ್ಲ ಇದಕ್ಕೆ ಸರಿಸಾಟಿ ಇಲ್ಲ.

ಕೈಮೆಟ್ಟಿಗೆ ಈಚೆಗೆ ಹೆಸರು ಬಂದದ್ದು ಕೊಲ್ಹಾಪುರಿ ಚಪ್ಪಲಿಯ ಮೂಲಕ. 2019ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ; ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಹೀಗೆ ಎಂಟು ಜಿಲ್ಲೆ. ಅಥಣಿ, ನಿಪ್ಪಾಣಿಯ ಕಡೆಯ ಕುಟುಂಬಗಳಿಗೆ ಇದರಿಂದ ತಲೆಯೆತ್ತಿ ಹೇಳಿಕೊಳ್ಳಲು ಒಂದು ಹೆಸರು ಸಿಕ್ಕಿತು. ಅಲ್ಲಿ ಗಂಡಸರು ಅಟ್ಟೆ ಕತ್ತರಿಸಿದರೆ ತೊಗಲಿನ ಎಳೆ ಹೆಣೆಯುವುದು, ಹೊಲಿಯುವುದು ಹೆಚ್ಚಾಗಿ ಹೆಂಗಸರ ಕೆಲಸ. 2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನ ವೇದಿಕೆಯ ಮೇಲೆ ಇಂಥದೇ ಚಪ್ಪಲಿ ತೊಡಿಸಿ, ಮೂಲದ ಹೆಸರು ಹೇಳದೆ ಟೀಕೆಗೆ ಗುರಿಯಾಯಿತು. ಬಳಿಕ ಪ್ರೇರಣೆ ಭಾರತದ ಕೈಕಸುಬಿನದೆಂದು ಒಪ್ಪಿಕೊಂಡಿತು.

ಎಂಟರ ಪಟ್ಟಿಯಲ್ಲಿ ಧಾರವಾಡ ಇದೆ, ಗದಗ ಇಲ್ಲ. 1997ರವರೆಗೆ ನಾವು ಧಾರವಾಡ ಜಿಲ್ಲೆಯೇ ಆಗಿದ್ದೆವು. ಜಿಲ್ಲೆ ಬೇರೆಯಾದದ್ದು ಒಳ್ಳೆಯದಕ್ಕೇ, ಆದರೆ ಶಿರಹಟ್ಟಿಯಲ್ಲೋ ಲಕ್ಷ್ಮೇಶ್ವರದಲ್ಲೋ ಒಬ್ಬ ಕಸುಬುದಾರ ಅದೇ ತೊಗಲಿನಿಂದ ಅದೇ ಬಗೆಯ ಮೆಟ್ಟು ಮಾಡಿದರೂ ಆ ಹೆಸರಿನ ಚೀಟಿ ಅಂಟಿಸುವಂತಿಲ್ಲ. ರಾಜ್ಯದಲ್ಲಿ ಚರ್ಮೋದ್ಯಮದ ಅಭಿವೃದ್ಧಿಗೆಂದೇ 1976ರಿಂದ ಲಿಡ್ಕರ್ ನಿಗಮ ಇದೆ. ನಮ್ಮ ಜಿಲ್ಲೆಯ ಊರುಗಳಲ್ಲಿ ಉಳಿದಿರುವ ಕೈಗಳೆಷ್ಟು, ಅವರ ಬಳಿ ಇರುವ ಅಚ್ಚುಗಳೆಷ್ಟು ಎಂದು ಅದು ಒಮ್ಮೆ ಮನೆಮನೆಗೆ ಬಂದು ಬರೆದುಕೊಂಡು ಹೋಗಲಿ ಎಂಬುದು ನನ್ನ ಬೇಡಿಕೆ. ಹಿರಿಯರ ಡಬ್ಬಿಯಲ್ಲಿ ನಾನು ಎಣಿಸಿದ್ದು ಹನ್ನೊಂದು. ಕಾಳು, ಚಿಕ್ಕೆ, ಅರ್ಧಚಂದ್ರ, ಬೇವಿನೆಲೆ. ಎರಡರ ತುದಿ ಸವೆದು ಏನಾಗಿತ್ತೆಂದೇ ತಿಳಿಯದಂತಾಗಿದೆ.

ಊರಿಗೆ ಬಂದವನು ಅಟ್ಟದ ಮೇಲಿಂದ ಅಜ್ಜನ ಮೆಟ್ಟು ಇಳಿಸಿದೆ. ಬಟ್ಟೆಗೆ ಔಡಲೆಣ್ಣೆ ಹಚ್ಚಿ ಒರೆಸಿದಾಗ ಅಂಚು ಎದ್ದು ಕಂಡಿತು. ಎಡಗಾಲಿನದನ್ನು ನಾನು ಎಂದೂ ಸರಿಯಾಗಿ ನೋಡಿರಲಿಲ್ಲ. ಹಿಮ್ಮಡಿಯ ಒಳಮಗ್ಗುಲಿಗೆ ಬೆರಳಿಟ್ಟೆ. ಅಲ್ಲಿ ಅರ್ಧ ಕಾಳು ಇರಲಿಲ್ಲ. ಕೊನೆಯ ಹತ್ತು ಹನ್ನೆರಡು ಕಾಳುಗಳು ಮಾತ್ರ ಉಳಿದವಕ್ಕಿಂತ ಒಂದಿಷ್ಟು ಒತ್ತೊತ್ತಾಗಿ ಕುಳಿತಿದ್ದವು.