ಕೋಷ್ಟಕದ ಅಂಕಿಗಳು ಸ್ಥಾನ ತಪ್ಪದಂತೆ: ಸ್ಟೈಲ್ ಬಳಕೆಯ ಕ್ರಮ

ಗ್ರಾಮ ಪಂಚಾಯಿತಿಯ ಸಾಮಾನ್ಯ ಸಭೆಯಲ್ಲಿ ಮಂಡಿಸಲಾಗುವ ಕಾಗದಪತ್ರಗಳಲ್ಲಿ ಬಹುಪಾಲು ಕೋಷ್ಟಕಗಳೇ ಆಗಿರುತ್ತವೆ: ಜಮಾ-ಖರ್ಚಿನ ವಿವರ, ತೆರಿಗೆಯ ಬೇಡಿಕೆ-ವಸೂಲಿ-ಬಾಕಿ ಪಟ್ಟಿ, ಕ್ರಿಯಾ ಯೋಜನೆಯ ಕಾಮಗಾರಿಗಳು. ಇವುಗಳಿಗೆ ಅನುಮೋದನೆ ನೀಡುವವರು ಸದಸ್ಯರು. ಅಂಕಿಗಳು ಸರಿಯಾಗಿದ್ದರೂ ಅವುಗಳ ಜೋಡಣೆ ತಪ್ಪಿದ್ದಲ್ಲಿ ಓದುವವರು ದಾರಿ ತಪ್ಪುತ್ತಾರೆ.

ಉದಾಹರಣೆಗೆ, ಒಂದು ಗ್ರಾಮದ ತೆರಿಗೆ ಬಾಕಿ 98,450 ರೂ., ಅದರ ಕೆಳಗಿನ ಸಾಲಿನ ಗ್ರಾಮದ್ದು 1,02,300 ರೂ. ಎಂದಿರಲಿ. ಎರಡನ್ನೂ ಎಡ ಅಂಚಿಗೆ ಹೊಂದಿಸಿದರೆ ಹತ್ತು ಸಾವಿರದ ಸ್ಥಾನದ 9ರ ಕೆಳಗೆ ಲಕ್ಷದ ಸ್ಥಾನದ 1 ಬರುತ್ತದೆ. ಅವಸರದ ಓದಿಗೆ ಮೊದಲನೆಯ ಮೊತ್ತವೇ ದೊಡ್ಡದೆನಿಸುತ್ತದೆ. ಬಲ ಅಂಚಿಗೆ ಹೊಂದಿಸಿದಾಗ, ಶಾಲೆಯ ಕೂಡುವ ಲೆಕ್ಕದಂತೆ, ಬಿಡಿಯ ಕೆಳಗೆ ಬಿಡಿ, ಸಾವಿರದ ಕೆಳಗೆ ಸಾವಿರ ನಿಲ್ಲುತ್ತವೆ. ಇದಕ್ಕೊಂದು ಷರತ್ತಿದೆ: ಪೈಸೆಯನ್ನು ನಮೂದಿಸುವುದಾದರೆ ಎಲ್ಲ ಸಾಲುಗಳಲ್ಲಿಯೂ ಎರಡು ದಶಮಾಂಶ ಸ್ಥಾನ ಇರಬೇಕು, ಇಲ್ಲವಾದರೆ ಯಾವ ಸಾಲಿನಲ್ಲಿಯೂ ಇರಬಾರದು.

ಅಂಕಿಯನ್ನು ಬಲಕ್ಕೆ ಸರಿಸಲು ಸ್ಪೇಸ್ ಬಾರ್ ಒತ್ತುವ ರೂಢಿ ವ್ಯಾಪಕವಾಗಿದೆ. ಪರದೆಯ ಮೇಲೆ ಅದು ಒಪ್ಪವಾಗಿಯೇ ಕಾಣುತ್ತದೆ. ಆದರೆ ಸ್ಪೇಸ್‌ನ ಅಗಲ ಫಾಂಟಿನಿಂದ ಫಾಂಟಿಗೆ ಬೇರೆಯಾಗುವುದರಿಂದ, ಕಡತವು ನುಡಿಯಿಂದ ಯೂನಿಕೋಡ್‌ಗೆ ಪರಿವರ್ತನೆಯಾದಾಗ ಅಥವಾ ಆ ಫಾಂಟ್ ಇಲ್ಲದ ಕಂಪ್ಯೂಟರ್‌ನಲ್ಲಿ ತೆರೆದಾಗ ಅಂಕಿಗಳು ಅತ್ತಿತ್ತ ಜಾರುತ್ತವೆ. ಒಂದೊಂದೇ ಕೋಶವನ್ನು ಗುರುತಿಸಿ ಬಲ ಜೋಡಣೆಯ ಗುಂಡಿ ಒತ್ತುವುದು ಇದಕ್ಕಿಂತ ಮೇಲು. ಆದರೂ ನಲವತ್ತು ಸಾಲುಗಳ ಪಟ್ಟಿಯಲ್ಲಿ ಒಂದೆರಡು ಕೋಶಗಳು ಉಳಿದುಹೋಗುವುದು ಸಹಜ.

ಸ್ಟೈಲ್ ಎಂದರೆ ಜೋಡಣೆ, ಫಾಂಟ್, ಅಕ್ಷರದ ಗಾತ್ರ, ಸಾಲುಗಳ ಅಂತರ ಇವೆಲ್ಲವನ್ನೂ ಒಂದು ಹೆಸರಿನಡಿ ಕಾಯ್ದಿಟ್ಟ ನಿಯಮ. ಪಂಚಾಯಿತಿಯ ಕೋಷ್ಟಕಗಳಿಗೆ ಮೂರು ಪ್ಯಾರಾಗ್ರಾಫ್ ಸ್ಟೈಲ್‌ಗಳು ಸಾಕು: ‘ಕೋಷ್ಟಕ-ಶೀರ್ಷಿಕೆ’ ನಡುವಿಗೆ, ‘ಕೋಷ್ಟಕ-ವಿವರ’ ಎಡಕ್ಕೆ, ‘ಕೋಷ್ಟಕ-ಮೊತ್ತ’ ಬಲಕ್ಕೆ. ಲಿಬ್ರೆಆಫೀಸ್ ರೈಟರ್‌ನಲ್ಲಿ ಎಫ್11 ಕೀಲಿಯಿಂದಲೂ, ಮೈಕ್ರೋಸಾಫ್ಟ್ ವರ್ಡ್‌ನಲ್ಲಿ ಹೋಮ್ ಟ್ಯಾಬ್‌ನ ಸ್ಟೈಲ್ಸ್ ವಿಭಾಗದಿಂದಲೂ ಇವುಗಳನ್ನು ರಚಿಸಬಹುದು. ಬಳಿಕ ಬೇಡಿಕೆ, ವಸೂಲಿ, ಬಾಕಿ ಅಂಕಣಗಳ ಮೊತ್ತಗಳನ್ನು ಗುರುತಿಸಿ ‘ಕೋಷ್ಟಕ-ಮೊತ್ತ’ವನ್ನು ಅನ್ವಯಿಸುವುದು. ಮುಂದೆ ಅಕ್ಷರದ ಗಾತ್ರವನ್ನು 11ರಿಂದ 12ಕ್ಕೆ ಏರಿಸಬೇಕಾದಲ್ಲಿ ಸ್ಟೈಲ್‌ನಲ್ಲಿ ಒಮ್ಮೆ ಬದಲಿಸಿದರೆ ಕಡತದ ಎಲ್ಲ ಮೊತ್ತಗಳೂ ಬದಲಾಗುತ್ತವೆ. ಇದನ್ನು ಟೆಂಪ್ಲೇಟ್ ಆಗಿ ಉಳಿಸಿಕೊಂಡಲ್ಲಿ ಪ್ರತಿ ತಿಂಗಳೂ ಹೊಸದಾಗಿ ರಚಿಸುವ ಶ್ರಮವಿಲ್ಲ.

ಹಳೆಯ ಕಡತದಲ್ಲಿ ಸ್ಟೈಲ್ ಅನ್ವಯಿಸಿದರೂ ಕೆಲವು ಕೋಶಗಳು ಕದಲುವುದಿಲ್ಲ. ಹಿಂದೆ ಗುಂಡಿ ಒತ್ತಿ ನೇರವಾಗಿ ಮಾಡಿದ ಜೋಡಣೆಯು ಸ್ಟೈಲ್‌ಗಿಂತ ಮೇಲುಗೈ ಪಡೆಯುವುದೇ ಇದಕ್ಕೆ ಕಾರಣ. ಅಂತಹ ಕೋಶಗಳನ್ನು ಗುರುತಿಸಿ ವರ್ಡ್‌ನಲ್ಲಿ ಕಂಟ್ರೋಲ್ ಮತ್ತು ಕ್ಯೂ, ರೈಟರ್‌ನಲ್ಲಿ ಕಂಟ್ರೋಲ್ ಮತ್ತು ಎಂ ಒತ್ತಿದರೆ ನೇರ ಜೋಡಣೆ ಅಳಿದು ಸ್ಟೈಲ್‌ನ ನಿಯಮ ಜಾರಿಗೆ ಬರುತ್ತದೆ. ಕೋಶದೊಳಗೆ ಮೇಲೆ, ನಡುವೆ, ಕೆಳಗೆ ಎಂಬ ಲಂಬ ಜೋಡಣೆ ಮಾತ್ರ ಪ್ಯಾರಾಗ್ರಾಫ್ ಸ್ಟೈಲ್‌ಗೆ ಒಳಪಡುವುದಿಲ್ಲ; ಅದು ಕೋಶದ ಗುಣ, ಕೋಷ್ಟಕದ ಆಯ್ಕೆಗಳಲ್ಲಿಯೇ ನಿಗದಿಯಾಗಬೇಕು. ಕಾಮಗಾರಿಯ ಹೆಸರು ಮೂರು ಸಾಲಿಗೆ ಹರಿದು ಮೊತ್ತ ಒಂದೇ ಸಾಲಿನದ್ದಾದಾಗ ಎರಡನ್ನೂ ಮೇಲಿನಿಂದಲೇ ಆರಂಭಿಸುವುದು ಓದಿಗೆ ಅನುಕೂಲ.

ಸದಸ್ಯರು ಸ್ವತಃ ಬೆರಳಚ್ಚು ಮಾಡಬೇಕೆಂಬುದು ಇದರ ಆಶಯವಲ್ಲ. ಸಭೆಯ ಕಾಗದಗಳಲ್ಲಿ ಮೊತ್ತಗಳು ಬಲಕ್ಕೆ ಸಾಲಾಗಿ ನಿಂತಿಲ್ಲದಿದ್ದಲ್ಲಿ, ಅನುಮೋದನೆಗೆ ಮುನ್ನ ಸರಿಪಡಿಸಿದ ಪ್ರತಿಯನ್ನು ಕೇಳುವುದು ಯುಕ್ತ. ಕಾರಣ ತಿಳಿಯಬೇಕಾದಲ್ಲಿ ಕಡತದಲ್ಲಿ ಅಗೋಚರ ಚಿಹ್ನೆಗಳನ್ನು ತೋರಿಸುವಂತೆ ಡೇಟಾ ಎಂಟ್ರಿ ಆಪರೇಟರ್‌ಗೆ ಸೂಚಿಸಬಹುದು; ವರ್ಡ್‌ನಲ್ಲಿ ಕಂಟ್ರೋಲ್, ಶಿಫ್ಟ್ ಮತ್ತು 8, ರೈಟರ್‌ನಲ್ಲಿ ಕಂಟ್ರೋಲ್ ಮತ್ತು ಎಫ್10. ಮೊತ್ತದ ಹಿಂದೆ ಚುಕ್ಕೆಗಳ ಸಾಲು ಕಂಡುಬಂದರೆ ಅವೆಲ್ಲವೂ ಸ್ಪೇಸ್‌ಗಳೇ. ಮೊದಲು ಅವನ್ನು ಅಳಿಸಿ ಅನಂತರ ಸ್ಟೈಲ್ ಅನ್ವಯಿಸತಕ್ಕದ್ದು.