ವೈದ್ಯ ವಿದ್ಯಾರ್ಥಿಯ ಮೊದಲ ವರ್ಷ

ಬಳ್ಳಿಗಾವಿಯ ಕೋಡಿಯಮಠದಲ್ಲಿ ಶಾಸ್ತ್ರಾಧ್ಯಯನದೊಂದಿಗೆ ರೋಗಿಗಳ ಚಿಕಿತ್ಸೆಯೂ ನಡೆಯುತ್ತಿತ್ತೆಂದು 12ನೆಯ ಶತಮಾನದ ಶಾಸನ ಸಾರುತ್ತದೆ. ಅಂಥ ಶಿಕಾರಿಪುರ ಸೀಮೆಯಿಂದಲೂ ನೆರೆಯ ಸೊರಬದಿಂದಲೂ ಇಂದು ಮಕ್ಕಳು ವೈದ್ಯವಿದ್ಯೆಗಾಗಿ ಶಿವಮೊಗ್ಗ, ದಾವಣಗೆರೆ, ಹುಬ್ಬಳ್ಳಿಗಳಿಗೆ ತೆರಳುತ್ತಾರೆ. ಸೀಟು ದೊರೆತ ದಿನ ಮನೆತುಂಬ ಸಂಭ್ರಮ. ಆದರೆ ಮುಂದಿನ ಹೊರೆ ಎಷ್ಟೆಂಬುದನ್ನು ಹೆತ್ತವರಾದ ನಾವು ಅರಿತಿರುವುದು ಅಪರೂಪ.

ಎಂ.ಬಿ.ಬಿ.ಎಸ್. ಮೊದಲ ವರ್ಷದ ಮುಖ್ಯ ವಿಷಯಗಳು ಮೂರು: ಅಂಗರಚನಾಶಾಸ್ತ್ರ, ಶರೀರಕ್ರಿಯಾಶಾಸ್ತ್ರ, ಜೀವರಸಾಯನಶಾಸ್ತ್ರ. ಮೂರೇ ತಾನೆ ಎಂದು ಹಗುರವಾಗಿ ಎಣಿಸಲಾಗದು. ಪಾಠ, ಶವಚ್ಛೇದನ, ಪ್ರಯೋಗಶಾಲೆಗಳಲ್ಲಿ ಹಗಲು ಕಳೆದರೆ, ಅಂದಿನದನ್ನು ಮನನ ಮಾಡಲು ರಾತ್ರಿಯೊಂದೇ ಉಳಿಯುತ್ತದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇಂಗ್ಲಿಷಿನ ತೊಡಕೂ ಕೂಡಿಕೊಳ್ಳುತ್ತದೆ. ಪಾಠಗಳಿಗೆ ಶೇ. 75, ಪ್ರಾಯೋಗಿಕ ತರಗತಿಗಳಿಗೆ ಶೇ. 80 ಹಾಜರಿ ಕಡ್ಡಾಯ. ಮೊದಲ ವರ್ಷದ ಪರೀಕ್ಷೆಗೆ ನಾಲ್ಕಕ್ಕಿಂತ ಹೆಚ್ಚು ಅವಕಾಶಗಳಿಲ್ಲ.

ಆದ್ದರಿಂದ ಗೃಹಪ್ರವೇಶ, ನಾಮಕರಣ, ಜಾತ್ರೆಗಳಿಗೆಲ್ಲ ಮಕ್ಕಳನ್ನು ಊರಿಗೆ ಕರೆಸುವ ಮುನ್ನ ಯೋಚಿಸೋಣ. ಪಿ.ಯು.ಸಿ.ಯಲ್ಲಿ ಶೇ. 90 ಪಡೆದ ಮಗಳು ಮೊದಲ ಆಂತರಿಕ ಪರೀಕ್ಷೆಯಲ್ಲಿ ಶೇ. 50ನ್ನೂ ಮುಟ್ಟದಿರಬಹುದು. ಅದನ್ನು ಸೋಮಾರಿತನವೆಂದು ಬಗೆಯದಿರೋಣ. ಹೊಸ ಓದಿನ ರೀತಿಗೆ ಒಗ್ಗಲು ಕಾಲ ಬೇಕು. ಫೋನಿನಲ್ಲಿ ಅಂಕ ಕೇಳುವ ಮೊದಲು ಊಟವಾಯಿತೆ, ನಿದ್ರೆ ಬಂತೆ ಎಂದು ವಿಚಾರಿಸೋಣ. ನನ್ನಿಂದಾಗದು ಎಂದು ಮಗು ಕಣ್ಣೀರಿಟ್ಟರೆ ಗದರದೆ, ಅಧ್ಯಾಪಕರನ್ನು ಕಾಣುವಂತೆ ಧೈರ್ಯ ತುಂಬೋಣ.

ಈ ವರ್ಷ ಮಕ್ಕಳಿಗೆ ಓದೇ ಕಾಯಕ. ಆ ಕಾಯಕಕ್ಕೆ ನೆರಳಾಗಿ ನಿಲ್ಲುವ ಹೊಣೆ ನಮ್ಮ ಮನೆಗಳದು.